ಹಂಪಿ ಬಜಾರಿನ ಬಣ್ಣದ ಎಲೆಗಳು

ಹಂಪಿಗೆ ಹೋದವರು ಕಲ್ಲು ನೋಡಿಕೊಂಡು ಬರುತ್ತಾರೆ. ಮೊದಲ ಸಲ ಹೋದಾಗ ನಾವೂ ಕಲ್ಲನ್ನೇ ನೋಡಿ ಬಂದವರು. ವಿರೂಪಾಕ್ಷ ಗುಡಿಯ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಬೀದಿಯೇ ಹಂಪಿ ಬಜಾರ್. ಬೀದಿಯ ಎರಡೂ ಬದಿಯಲ್ಲಿ ಕಲ್ಲಿನ ಸಾಲು ಮಂಟಪಗಳಿವೆ. ಈ ಮಂಟಪಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿ 2011ರವರೆಗೂ ಜನ ಸಂಸಾರ ಹೂಡಿದ್ದರು. ಹೋಟೆಲು, ಪುಸ್ತಕದಂಗಡಿ, ಬಟ್ಟೆಯಂಗಡಿ, ಹೂ-ಕಾಯಿ ಅಂಗಡಿಗಳಿದ್ದವು. ಎರಡನೆಯ ಸಲ ಹೋದಾಗ ನಮ್ಮ ಕಣ್ಣಿಗೆ ಬಿದ್ದದ್ದು ಆ ಬಾಗಿಲುಗಳ ಮುಂದಿನ ಗಿಡಗಳು. ಎಣ್ಣೆ ಡಬ್ಬಿಯಲ್ಲಿ, ಒಡೆದ ಕೊಡದಲ್ಲಿ, ಹಿಡಿ ಕಿತ್ತ ಬಕೆಟ್ಟಿನಲ್ಲಿ ಕೆಂಪು, ಹಳದಿ, ನೇರಳೆ ಎಲೆಯ ಗಿಡಗಳು ನಿಂತಿದ್ದವು. ಹೆಚ್ಚಿನವು ಕ್ರೋಟನ್. ನಡುವೆ ಅಲ್ಲೊಂದು ಇಲ್ಲೊಂದು ಕೋಲಿಯಸ್.

ಆ ಗಿಡಗಳಿಗೆ ಯಾರೂ ದುಡ್ಡು ಕೊಟ್ಟಿರಲಾರರು. ಒಂದು ಮನೆಯ ಗಿಡ ಎತ್ತರವಾದಾಗ ಕತ್ತರಿಸಿದ ತುಂಡು ಪಕ್ಕದ ಮನೆಗೆ ಹೋಗುತ್ತದೆ. ಅಲ್ಲಿ ಬೇರು ಬಿಟ್ಟು ಬೆಳೆದು ಮತ್ತೊಂದು ಮನೆಗೆ ದಾಟುತ್ತದೆ. ಹೀಗೆ ಒಂದೇ ಗಿಡ ಇಡೀ ಬೀದಿಯನ್ನು ಸುತ್ತಿರುತ್ತದೆ. ರಾಜರ ಕಾಲದ ಬೀದಿಯಲ್ಲಿ ಡಬ್ಬಿಯ ಗಿಡದ ಚರಿತ್ರೆ ಬರೆಯುವುದು ಕೆಲವರಿಗೆ ಹಗುರವಾಗಿ ಕಾಣಬಹುದು. ಆದರೆ ಯಾವುದನ್ನು ಕತ್ತರಿಸಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಹಂಪಿಯಲ್ಲಿ ಗಿಡಕ್ಕೆ ಮಾತ್ರ ಬಂದದ್ದಲ್ಲ. ಬೀದಿಗೂ ಬಂತು, ಚರಿತ್ರೆಗೂ ಬಂತು. ಆದ್ದರಿಂದ ಗಿಡದಿಂದಲೇ ಶುರು ಮಾಡೋಣ.

ವಿಜಯನಗರ ಇದ್ದ ಕಾಲದಲ್ಲಿ ಇಲ್ಲಿ ಕ್ರೋಟನ್ ಇತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ತೋಟಗಳಿದ್ದವು ಎನ್ನುವುದಕ್ಕೆ ಮಾತ್ರ ಬೇಕಾದಷ್ಟು ಆಧಾರವಿದೆ. ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುರ್ರಝಾಕ್ ಸಮರ್ಖಂದಿ 1443ರಲ್ಲಿ ಇಲ್ಲಿಗೆ ಬಂದ. ಆಗ ಇಮ್ಮಡಿ ದೇವರಾಯ ಆಳುತ್ತಿದ್ದ. ಒಂದರೊಳಗೊಂದು ಏಳು ಕೋಟೆಗಳ ಆ ನಗರದಲ್ಲಿ ಹೊರಗಿನ ಗೋಡೆಗಳ ನಡುವೆ ಹೊಲ, ಮನೆ, ತೋಟಗಳಿದ್ದವೆಂದೂ, ಒಳಗಿನ ಗೋಡೆಗಳ ನಡುವೆ ಬಜಾರುಗಳಿದ್ದವೆಂದೂ ಅವನು ಬರೆದಿದ್ದಾನೆ. ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಕಂಡಿದ್ದಾನೆ. ಅವನಿಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಗುಲಾಬಿ. ಬಜಾರಿನಲ್ಲಿ ಎಲ್ಲೆಂದರಲ್ಲಿ ಗುಲಾಬಿ ಮಾರುತ್ತಿದ್ದರಂತೆ. ಇಲ್ಲಿಯ ಜನಕ್ಕೆ ಅನ್ನ ಎಷ್ಟು ಮುಖ್ಯವೋ ಗುಲಾಬಿಯೂ ಅಷ್ಟೇ ಮುಖ್ಯ ಎಂಬ ಅರ್ಥದ ಮಾತನ್ನು ಅವನು ದಾಖಲಿಸಿದ್ದಾನೆ. ಗುಲಾಬಿಯ ನಾಡಿನಿಂದ ಬಂದವನೇ ಹಾಗೆ ಬೆರಗಾದನೆಂದರೆ ಈ ಊರಿನ ಹೂವಿನ ವ್ಯಾಪಾರ ಎಷ್ಟಿತ್ತೆಂದು ಊಹಿಸಬಹುದು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಒಂದು ಗುಡ್ಡ ಹತ್ತಿ ನಗರವನ್ನು ನೋಡಿದ. ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತು ಎಂದ. ಮನೆಮನೆಯ ಹಿತ್ತಿಲಲ್ಲಿ ಮರಗಳ ತೋಪು, ಅವುಗಳ ನಡುವೆ ಹರಿಯುವ ನೀರಿನ ಕಾಲುವೆಗಳು ಅವನಿಗೆ ಕಂಡವು. ಇಂದಿನ ಹೊಸಪೇಟೆಯನ್ನು ಅವನು ನಾಗಲಾಪುರ ಎಂದು ಕರೆಯುತ್ತಾನೆ. ಅಲ್ಲಿಯ ತೋಟಗಳನ್ನೂ ನೆನೆಯುತ್ತಾನೆ. ನಗರದ ಸಂಜೆಯ ಸಂತೆಯಲ್ಲಿ ಕುದುರೆಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಯೆಗಳು ಮಾರಾಟಕ್ಕಿದ್ದವು. ಒಂದು ಬೀದಿಯ ಕೊನೆಯಲ್ಲಿ ಮುಸಲ್ಮಾನರ ಕೇರಿ ಇತ್ತೆಂದೂ, ಅವರಲ್ಲಿ ಬಹಳ ಮಂದಿ ಇದೇ ನೆಲದಲ್ಲಿ ಹುಟ್ಟಿದವರೆಂದೂ, ಅರಸನ ಕಾವಲು ಪಡೆಯಲ್ಲಿ ಸಂಬಳಕ್ಕಿದ್ದರೆಂದೂ ಪಾಯೆಸನೇ ಹೇಳುತ್ತಾನೆ. ಆ ಕಾಲದ ನೀರಿನ ವ್ಯವಸ್ಥೆ ಪೂರ್ತಿ ಹಾಳಾಗಿಲ್ಲ. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳ ನೀರು ಇಂದಿಗೂ ಹೊಸಪೇಟೆ, ಕಮಲಾಪುರ, ಹಂಪಿ ಸುತ್ತಲಿನ ಬಾಳೆ, ಕಬ್ಬು, ಭತ್ತಕ್ಕೆ ಹೋಗುತ್ತಿದೆ.

ಅಂದರೆ ಈ ನೆಲಕ್ಕೆ ಹಸಿರಿನ ರೂಢಿ ಹೊಸದಲ್ಲ. ಆದರೆ ಎಲೆಯ ಬಣ್ಣಕ್ಕಾಗಿಯೇ ಗಿಡ ಸಾಕುವ ಈಗಿನ ರೂಢಿ ಬಂದದ್ದು ತಡವಾಗಿ. ಕ್ರೋಟನ್ನಿನ ತವರು ಇಂಡೋನೇಷ್ಯಾದ ಪೂರ್ವದ ಮೊಲುಕ್ಕಾ ದ್ವೀಪಗಳು, ನ್ಯೂಗಿನಿ ಮತ್ತು ಅದರಾಚೆಯ ಪೆಸಿಫಿಕ್ ದ್ವೀಪಗಳು. ಡಚ್ಚರ ಕಂಪನಿಯ ನೌಕರಿಯಲ್ಲಿ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬ ವಿದ್ವಾಂಸ 17ನೆಯ ಶತಮಾನದಲ್ಲಿ ಅಲ್ಲಿಯ ಗಿಡಗಳನ್ನು ವರ್ಣಿಸಿ ದೊಡ್ಡ ಗ್ರಂಥ ಬರೆದ. ಬರೆಯುತ್ತಿದ್ದಾಗಲೇ ಅವನ ಕಣ್ಣು ಹೋಯಿತು. ಆದರೂ ಕೆಲಸ ಬಿಡಲಿಲ್ಲ. 1702ರಲ್ಲಿ ಅವನು ತೀರಿಕೊಂಡ. ಗ್ರಂಥ ಅಚ್ಚಾಗತೊಡಗಿದ್ದು 1741ರಲ್ಲಿ. ಅದರಲ್ಲಿ ಈ ಬಣ್ಣದ ಎಲೆಯ ಗಿಡವೂ ಇದೆ. 1753ರಲ್ಲಿ ಲಿನೇಯಸ್ ಅದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ. ನಿಜವಾದ ಕ್ರೋಟನ್ ಕುಲದಲ್ಲಿರುವುದು ನಮ್ಮ ನಾಟಿ ವೈದ್ಯರು ಭೇದಿಗೆ ಕೊಡುತ್ತಿದ್ದ ಜಾಪಾಳದಂಥ ಗಿಡಗಳು. ಮುಂದೆ ಸಸ್ಯಶಾಸ್ತ್ರಜ್ಞರು ಬಣ್ಣದ ಗಿಡವನ್ನು ಬೇರೆ ಮಾಡಿ ಕೋಡಿಯಮ್ ಎಂದು ಕರೆದರು. ಜನ ಮಾತ್ರ ಕ್ರೋಟನ್ ಎಂಬ ಹೆಸರನ್ನು ಬಿಡಲಿಲ್ಲ.

ದ್ವೀಪದ ಗಿಡ ಸಮುದ್ರ ದಾಟುವುದು ಸುಲಭವಾಗಿರಲಿಲ್ಲ. ಹಡಗಿನ ಉಪ್ಪು ಗಾಳಿಗೆ ಮತ್ತು ಸಿಹಿನೀರಿನ ಕೊರತೆಗೆ ಹೆಚ್ಚಿನ ಸಸಿಗಳು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಗಾಜಿನ ಬಾಟಲಿಯೊಳಗೆ ಗಿಡ ತಾನಾಗಿಯೇ ಬದುಕುವುದನ್ನು ಗಮನಿಸಿದ. ಒಳಗಿನ ತೇವ ಆವಿಯಾಗಿ ಮತ್ತೆ ಗಾಜಿನ ಮೇಲೆ ಹನಿಗಟ್ಟಿ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಆಸ್ಟ್ರೇಲಿಯಾಕ್ಕೆ ಜೀವಂತವಾಗಿ ಕಳುಹಿಸಿದರು. ಅಲ್ಲಿಂದ ಮುಂದೆ ಗಿಡಗಳ ಸಾಗಾಟ ದೊಡ್ಡ ವ್ಯಾಪಾರವಾಯಿತು. 1860ರ ದಶಕದಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿ ಮನೆತನದವರು ಪೆಸಿಫಿಕ್ ದ್ವೀಪಗಳಿಂದ ಕ್ರೋಟನ್ನಿನ ಹಲವು ತಳಿಗಳನ್ನು ತಂದರು. ಶ್ರೀಮಂತರ ಗಾಜಿನ ಮನೆಗಳಲ್ಲಿ ಅವು ಮೆರೆದವು. ಬ್ರಿಟಿಷ್ ಸಾಮ್ರಾಜ್ಯದ ಬಂಗಲೆಗಳಿಗೂ ಕಂಟೋನ್ಮೆಂಟುಗಳಿಗೂ ಅವು ಬಂದವು.

ನಮ್ಮ ನಾಡಿನಲ್ಲಿ ಪರದೇಶದ ಗಿಡಗಳಿಗೆ ಜಾಗ ಮಾಡಿಕೊಟ್ಟದ್ದು ಬೆಂಗಳೂರಿನ ಲಾಲ್‌ಬಾಗ್. ಶಿರಾದ ಮೊಘಲ್ ಸುಬೇದಾರರ ತೋಟವನ್ನು ಕಂಡು ಮೆಚ್ಚಿದ ಹೈದರಲಿ 1760ರಲ್ಲಿ ಅದನ್ನು ಆರಂಭಿಸಿದನೆಂದು ಹೇಳುತ್ತಾರೆ. ಟಿಪ್ಪು ಸುಲ್ತಾನ್ ದೂರದ ನಾಡುಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್, 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್, ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಇವರೆಲ್ಲ ಅದನ್ನು ಬೆಳೆಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಕೃಷ್ಣರಾಜಸಾಗರದ ಬುಡದಲ್ಲಿ 1927ರಿಂದ 1932ರ ನಡುವೆ ಬೃಂದಾವನ ಎದ್ದಿತು. ಅದಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್ ಬಾಗ್. ಅಣೆಕಟ್ಟೆ ಎಂದರೆ ಅದರ ಬುಡದಲ್ಲೊಂದು ಉದ್ಯಾನ ಇರಬೇಕು ಎಂಬ ಕಲ್ಪನೆ ಕನ್ನಡಿಗರ ಮನಸ್ಸಿನಲ್ಲಿ ಬೇರೂರಿದ್ದು ಅಲ್ಲಿಂದ.

ಹೊಸಪೇಟೆಗೆ ಆ ಕಲ್ಪನೆ ಬಂದದ್ದು ತುಂಗಭದ್ರಾ ಅಣೆಕಟ್ಟೆಯ ಜೊತೆಗೆ. 1945ರ ಫೆಬ್ರುವರಿ 28ರಂದು ಹೊಳೆಯ ಒಂದು ದಡದಲ್ಲಿ ಹೈದರಾಬಾದ್ ಸಂಸ್ಥಾನದವರೂ ಇನ್ನೊಂದು ದಡದಲ್ಲಿ ಮದ್ರಾಸ್ ಸರ್ಕಾರದವರೂ ಶಂಕುಸ್ಥಾಪನೆ ಮಾಡಿದರು. 1953ರಲ್ಲಿ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯ ಕನ್ನಡ ತಾಲ್ಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದವು. ಅಣೆಕಟ್ಟೆಯ ಬುಡದಲ್ಲಿ ಉದ್ಯಾನ ಬಂತು. ಅದನ್ನು ನೋಡಲು ಹೋದ ನಮ್ಮ ಹಿರಿಯರು ಕಾರಂಜಿಯನ್ನೂ ಬಣ್ಣದ ಬೇಲಿಗಳನ್ನೂ ನೋಡಿ ಬಂದು ಊರಿನಲ್ಲಿ ವರ್ಣಿಸುತ್ತಿದ್ದರು. ಉದ್ಯಾನದಲ್ಲಿ ಸವರಿ ಬಿಸಾಡಿದ ತುಂಡುಗಳು ಕ್ವಾರ್ಟರ್ಸುಗಳಿಗೂ, ಅಲ್ಲಿಂದ ಊರೊಳಗಿನ ಮನೆಗಳಿಗೂ ಹೋಗಿರಬೇಕು. ಹಂಪಿ ಬಜಾರಿನ ಎಣ್ಣೆ ಡಬ್ಬಿಗೆ ಮೊಲುಕ್ಕಾ ದ್ವೀಪದ ಗಿಡ ತಲುಪಿದ ಕೊನೆಯ ದಾರಿ ಇಂಥದ್ದೇ ಇದ್ದೀತು ಎಂದು ನಮ್ಮ ಊಹೆ.

ಹೊಸಪೇಟೆಯ ನರ್ಸರಿಯೊಂದರಲ್ಲಿ ಒಬ್ಬ ಹಿರಿಯ ಮಾಲಿಯ ಪರಿಚಯ ನಮಗಾಯಿತು. ಅಲ್ಲಿಯ ಹುಡುಗರು ಅವರನ್ನು ಚಾಚಾ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಮನೆಯೊಳಗೆ ಇಟ್ಟ ನಮ್ಮ ಕ್ರೋಟನ್ ಬಿದಿರುಗಳದಂತೆ ಉದ್ದವಾಗಿ ಬೆಳೆದು, ಬುಡದ ಎಲೆಯೆಲ್ಲ ಉದುರಿ, ತುದಿಯಲ್ಲಿ ಮಾತ್ರ ನಾಲ್ಕು ಹಸಿರೆಲೆ ಉಳಿದಿದೆ ಎಂದೆವು. ಅವರು ನಕ್ಕು ಕತ್ತರಿ ತೆಗೆದುಕೊಂಡು ಎದುರಿಗಿದ್ದ ಒಂದು ಗಿಡವನ್ನು ಹಿಡಿದರು. "ಕಡಿಯೋದು ಯಾರಿಗಾದ್ರೂ ಬರ್ತೈತ್ರೀ ಸಾರ್. ಏನು ಉಳಿಸಬೇಕು ಅಂತ ಗೊತ್ತಿದ್ದೋನೇ ಮಾಲಿ" ಎಂದರು. ಮುಂದೆ ಅವರು ತೋರಿಸಿಕೊಟ್ಟದ್ದನ್ನು ಮತ್ತು ನಾವು ಮಾಡಿ ಕಲಿತದ್ದನ್ನು ಸೇರಿಸಿ ಇಲ್ಲಿ ಹೇಳುತ್ತೇವೆ.

ಗಿಡದ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಚೋದಕ ಹುಟ್ಟಿ ಕೆಳಮುಖವಾಗಿ ಹರಿಯುತ್ತದೆ. ಕುಡಿ ಇರುವವರೆಗೆ ಪಕ್ಕದ ಮೊಗ್ಗುಗಳು ಏಳುವುದಿಲ್ಲ. 1930ರ ದಶಕದಲ್ಲಿ ವಿಜ್ಞಾನಿಗಳು ಪ್ರಯೋಗ ಮಾಡಿ ಇದನ್ನು ತೋರಿಸಿದರು. ಮಾಲಿಗಳು ಕಾರಣ ತಿಳಿಯದೆಯೂ ಅದಕ್ಕಿಂತ ಬಹಳ ಹಿಂದಿನಿಂದ ಕುಡಿ ಚಿವುಟುತ್ತಲೇ ಬಂದಿದ್ದಾರೆ. ಕುಡಿ ತೆಗೆದರೆ ಕೆಳಗಿನ ಗಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳು ಎದ್ದು ಕವಲಾಗುತ್ತವೆ, ಗಿಡ ದಟ್ಟವಾಗುತ್ತದೆ. ಆದ್ದರಿಂದ ಕತ್ತರಿ ಬೀಳಬೇಕಾದದ್ದು ಗಣ್ಣಿಗಿಂತ ತುಸುವೇ ಮೇಲೆ. ಬಹಳ ಮೇಲೆ ಕಡಿದರೆ ಉಳಿದ ಮೋಟು ಒಣಗಿ ಕೊಳೆಯುತ್ತದೆ. ಗಣ್ಣನ್ನೇ ಕಡಿದರೆ ಚಿಗುರಲು ಅಲ್ಲಿ ಏನೂ ಇರುವುದಿಲ್ಲ. ಒಂದೇ ಸಲಕ್ಕೆ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಬರಡಾದ ಹಳೆಯ ಕ್ರೋಟನ್ ಆಗಿದ್ದರೆ ಈ ವರ್ಷ ಒಂದು ಕೊಂಬೆ, ಅದು ಚಿಗುರಿದ ಮೇಲೆ ಇನ್ನೊಂದು, ಹೀಗೆ ತಾಳ್ಮೆಯಿಂದ ಇಳಿಸಬೇಕು.

ಕಾಲವನ್ನೂ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಸಪೇಟೆ, ಕಂಪ್ಲಿ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಸವರಿದರೆ ನೆರಳು ಕಳೆದುಕೊಂಡ ಒಳಗಿನ ಎಲೆಗಳು ಸುಟ್ಟುಹೋಗುತ್ತವೆ. ಮುಂಗಾರಿನ ಮೊದಲೆರಡು ಮಳೆ ಬಿದ್ದ ಮೇಲೆ ಕತ್ತರಿ ಹಿಡಿಯುವುದು ಒಳ್ಳೆಯದು. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡರೆ ಒಂದು ಗಿಡದ ರೋಗ ಇನ್ನೊಂದಕ್ಕೆ ದಾಟುವುದಿಲ್ಲ. ಕ್ರೋಟನ್ನಿನ ರಸ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಬಟ್ಟೆಗೆ ಕಲೆಯಾಗುತ್ತದೆ. ಡೈಫೆನ್‌ಬ್ಯಾಕಿಯಾ ಎಂಬ ಬಿಳಿಚುಕ್ಕೆ ಎಲೆಯ ಗಿಡದ ಮೇಲೆ ಇನ್ನೂ ಎಚ್ಚರವಿರಬೇಕು. ಅದರ ಎಲೆ ಕಚ್ಚಿದರೆ ನಾಲಿಗೆ ಉರಿದು ಬಾತುಕೊಳ್ಳುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕೈಗೆಟುಕದ ಕಡೆ ಇಡಬೇಕು.

ಎಲ್ಲ ಗಿಡಕ್ಕೂ ಒಂದೇ ಕತ್ತರಿ ನಡೆಯುವುದಿಲ್ಲ. ಕೋಲಿಯಸ್ ಹೂತೆನೆ ಬಿಟ್ಟರೆ ಎಲೆ ಸೊರಗುತ್ತದೆ. ತೆನೆ ಕಂಡ ಕೂಡಲೇ ಉಗುರಿನಿಂದ ಚಿವುಟಿದರೆ ಸಾಕು. ಡ್ರಸೀನಾ, ಕಾರ್ಡಿಲೈನ್ ಜಾತಿಯ ಗಿಡಗಳ ಎಲೆಯಿಲ್ಲದ ಬೋಳು ಕಾಂಡವನ್ನು ಕಡಿದರೂ ಪಕ್ಕದಿಂದ ಚಿಗುರುತ್ತವೆ. ಕೆಲೇಡಿಯಮ್ ಗೆಡ್ಡೆಯ ಗಿಡ, ಅದಕ್ಕೆ ಸವರುವುದೇ ಬೇಡ. ಹಣ್ಣಾದ ಎಲೆ ತೆಗೆದು, ಚಳಿಗಾಲದಲ್ಲಿ ಅದು ಮಲಗಿದಾಗ ನೀರು ಕಡಿಮೆ ಮಾಡಿದರಾಯಿತು. ಹಳದಿ ಅಥವಾ ಬಿಳಿ ಪಟ್ಟೆಯ ಗಿಡದಲ್ಲಿ ಒಮ್ಮೊಮ್ಮೆ ಅಚ್ಚ ಹಸಿರು ಎಲೆಯ ಕೊಂಬೆ ಹೊರಡುತ್ತದೆ. ಅದಕ್ಕೆ ಹರಿತ್ತು ಹೆಚ್ಚು, ಆದ್ದರಿಂದ ಬಲವೂ ಹೆಚ್ಚು. ಬಿಟ್ಟರೆ ಅದೇ ಗಿಡವನ್ನೆಲ್ಲ ಆವರಿಸಿ ಬಣ್ಣವನ್ನು ಅಳಿಸಿಹಾಕುತ್ತದೆ. ಅದನ್ನು ಮಾತ್ರ ಬುಡದಿಂದಲೇ ತೆಗೆಯಬೇಕು.

ಮನೆಯೊಳಗಿನ ಕ್ರೋಟನ್ ಬಣ್ಣಗೆಡುವುದಕ್ಕೆ ಕಾರಣ ಬೆಳಕಿನ ಕೊರತೆ. ಸಾಕಷ್ಟು ಬೆಳಕು ಬಿದ್ದರೆ ಮಾತ್ರ ಎಲೆ ಬಲಿಯುತ್ತಾ ಕೆಂಪಾಗುತ್ತದೆ. ಕಿಟಕಿಯ ಬಳಿ ಇಟ್ಟು, ವಾರಕ್ಕೊಮ್ಮೆ ಕುಂಡವನ್ನು ತಿರುಗಿಸಿ, ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆಳಕು ಕೊಡದೆ ಬರೀ ಕತ್ತರಿಸಿದರೆ ಹೊಸ ಚಿಗುರೂ ಪೇಲವವಾಗಿಯೇ ಬರುತ್ತದೆ.

ಚಾಚಾ ಕತ್ತರಿಸಿದ ತುದಿಯನ್ನು ಬಿಸಾಡಲಿಲ್ಲ. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿನಲ್ಲಿ ಚುಚ್ಚಿ ನೆರಳಿನಲ್ಲಿಟ್ಟರು. "ಇದು ಕಲಮ್" ಎಂದರು. ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಉರ್ದುವಿನಲ್ಲಿ ಕಲಮ್ ಎಂದರೆ ಲೇಖನಿ. ನೆಡಲು ಕತ್ತರಿಸಿಕೊಂಡ ತುಂಡಿಗೂ ಕಲಮ್ ಎಂದೇ ಹೆಸರು. 'ಕಲಮ್ ಕರ್ನಾ' ಎಂದರೆ ಕತ್ತರಿಸುವುದು, 'ಕಲಮ್ ಲಗಾನಾ' ಎಂದರೆ ಆ ತುಂಡನ್ನು ನೆಟ್ಟು ಬೆಳೆಸುವುದು. ಹಿಂದೆ ಲೇಖನಿ ಮಾಡುತ್ತಿದ್ದದ್ದೂ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿಯೇ. ಕಡಿಯುವುದು, ನೆಡುವುದು, ಬರೆಯುವುದು ಈ ಮೂರಕ್ಕೂ ಒಂದೇ ಪದ ಸಾಕಾಗಿದೆ. ನಮ್ಮ ತೋಟದ ಭಾಷೆಯಲ್ಲಿ ಇಂಥ ಬೆರಕೆ ಬೇಕಾದಷ್ಟಿದೆ. ಗುಲಾಬಿ, ಬಾಗ್ ಪಾರಸಿಯಿಂದ ಬಂದವು. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರು ಬಳ್ಳಿ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಹಣ್ಣು, ತರಕಾರಿ ಮಾರುವ ಬಾಗವಾನರ ಹೆಸರಿನ ಅರ್ಥವೇ ತೋಟ ಕಾಯುವವರು ಎಂದು. ಕುಡಿ, ಗಣ್ಣು ಅಚ್ಚ ಕನ್ನಡ. ಎಲ್ಲವೂ ಒಂದೇ ಪಾತಿಯಲ್ಲಿ ಬೆಳೆದಿವೆ.

ಗಿಡಗಳೂ ಹಾಗೆಯೇ. ವಿರೂಪಾಕ್ಷ ಗುಡಿಯ ಮುಂದೆ ಮಾರುವ ಚೆಂಡುಹೂವಿನ ತವರು ಮೆಕ್ಸಿಕೊ. ಕಾಗದದ ಹೂವಿನ ಬಳ್ಳಿಯ ತವರು ಬ್ರೆಜಿಲ್. ಬ್ಯಾಡಗಿಯ ಮೆಣಸಿನಕಾಯಿಯ ಪೂರ್ವಜರು ಅಮೆರಿಕದಿಂದ ಬಂದವರು. ಹೊರಗಿನದು ಎಂದು ಇವುಗಳನ್ನು ಯಾರೂ ಕಿತ್ತುಹಾಕುವುದಿಲ್ಲ, ಹಾಕಲೂಬಾರದು. ನೆಲ ಹಿಡಿದು, ನೀರು ಕುಡಿದು, ನಾಲ್ಕು ಜನರ ಕೈಯಲ್ಲಿ ಬೆಳೆದದ್ದು ಆ ನೆಲದ್ದೇ ಆಗುತ್ತದೆ.

ಈಗ ಕಲ್ಲಿನ ಕಡೆ ಬರೋಣ. 1565ರ ಯುದ್ಧದ ನಂತರ ವಿಜಯನಗರ ಪಾಳುಬಿತ್ತು. ಕನ್ನಡಿಗರ ಬಾಯಲ್ಲಿ 'ಹಾಳು ಹಂಪೆ' ಎಂಬ ಮಾತೇ ನೆಲೆಯಾಯಿತು. 1799ರಲ್ಲಿ ಕಾಲಿನ್ ಮೆಕೆಂಝಿ ಇಲ್ಲಿಯ ನಕ್ಷೆ ತಯಾರಿಸಿದ. 1900ರಲ್ಲಿ ರಾಬರ್ಟ್ ಸೀವೆಲ್ ಪಾಯೆಸನ ಬರಹವನ್ನು ಇಂಗ್ಲಿಷಿಗೆ ತಂದ. 1917ರಲ್ಲಿ ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಬಗ್ಗೆ ಪುಸ್ತಕ ಬರೆದ. ಅದೇ ಕಾಲದಲ್ಲಿ ಸ್ಮಾರಕವನ್ನು ಹೇಗೆ ತೋರಿಸಬೇಕು ಎಂಬ ಒಂದು ಅಭಿರುಚಿಯೂ ಬೆಳೆಯಿತು. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಕರ್ಝನ್ ತಾಜ್‌ಮಹಲಿನ ತೋಟದ ದಟ್ಟ ಮರಗಳನ್ನು ತೆಳುವಾಗಿಸಿ ಹುಲ್ಲುಹಾಸು ಹಾಕಿಸಿದ. ಹಣ್ಣಿನ ಮರ, ಹೂಗಿಡ ತುಂಬಿದ ಮೊಘಲ್ ಬಾಗ್ ಇಂಗ್ಲಿಷ್ ಮನೆಯ ಅಂಗಳದಂತಾಯಿತು. ಮಧ್ಯೆ ಒಂದು ಕಟ್ಟಡ, ಸುತ್ತ ಕತ್ತರಿಸಿದ ಹುಲ್ಲು, ಅಂಚಿಗೆ ಬಣ್ಣದ ಎಲೆಯ ಬೇಲಿ ಎಂಬ ಮಾದರಿ ಮುಂದೆ ದೇಶದ ಅನೇಕ ಸ್ಮಾರಕಗಳಿಗೆ ಹರಡಿತು. ಹಂಪಿಯ ಕಮಲ ಮಹಲು, ಆನೆಲಾಯದ ಮುಂದಿನ ಹುಲ್ಲುಹಾಸೂ ಆ ಮಾದರಿಗೇ ಸೇರಿದ್ದು. ನೋಡಲು ಅದು ಚೆಂದವೇ. ಆದರೆ ಅಬ್ದುರ್ರಝಾಕ್ ಕಂಡ ಗುಲಾಬಿ ಅಂಗಡಿಗಳ, ಪಾಯೆಸ್ ಕಂಡ ನಿಂಬೆ ತೋಪುಗಳ ಹಂಪಿ ಅದಲ್ಲ. ಆ ಹಂಪಿಯಲ್ಲಿ ಜನ ಇದ್ದರು.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೇತುವೆ ಕಾಮಗಾರಿ ಮುಂತಾದ ಕಾರಣಗಳಿಂದ 1999ರಲ್ಲಿ ಅಪಾಯದಲ್ಲಿರುವ ತಾಣವೆಂದು ಗುರುತಿಸಲಾಯಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ನಡುವೆ 2002ರಲ್ಲಿ ಹಂಪಿ ಪ್ರಾಧಿಕಾರದ ಕಾಯಿದೆ ಬಂತು. 2011ರ ಜುಲೈ ಕೊನೆಯಲ್ಲಿ, ಹೈಕೋರ್ಟಿನ ಆದೇಶದ ಹಿನ್ನೆಲೆಯಲ್ಲಿ, ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಯಂತ್ರಗಳಿಂದ ತೆರವುಗೊಳಿಸಲಾಯಿತು. ನೂರಾರು ಕುಟುಂಬಗಳು ಬೀದಿಗೆ ಬಂದವು. ನಾಲ್ಕು ಕಿಲೋಮೀಟರ್ ಆಚೆಯ ಕಡ್ಡಿರಾಂಪುರದಲ್ಲಿ ಅವರಿಗೆ ಜಾಗ ತೋರಿಸಿದರು.

ತೆರವು ಬೇಕೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಕಲ್ಲಿಗೆ ಮೊಳೆ ಹೊಡೆದು ಬೋರ್ಡು ತೂಗಿಸಿದ್ದರು, ಸಿಮೆಂಟು ಮೆತ್ತಿದ್ದರು. ಐನೂರು ವರ್ಷದ ಕಲ್ಲು ಇಂಥದನ್ನು ಎಷ್ಟು ದಿನ ತಾಳೀತು? ಸವರುವ ಕೆಲಸ ಅಲ್ಲಿ ಖಂಡಿತ ಇತ್ತು. ಆದರೆ ಚಾಚಾ ಹೇಳಿದ ಪ್ರಶ್ನೆಯನ್ನು ಯಾರಾದರೂ ಕೇಳಿಕೊಂಡರೇ? ಇದೇ ಬೀದಿಯಲ್ಲಿ ಸುಂದರವಾದ ಮನೆಗಳಿದ್ದವು, ಯಾತ್ರಿಕರು ಇಳಿದುಕೊಳ್ಳುತ್ತಿದ್ದರು, ದೊಡ್ಡವರ ಬಿಡಾರಗಳೂ ಅರಸನದೊಂದು ಅರಮನೆಯೂ ಇಲ್ಲಿದ್ದವು ಎಂದು ಪಾಯೆಸ್ ಬರೆದಿದ್ದಾನೆ. ಅಂದರೆ ಜನವಸತಿ ಈ ಬೀದಿಗೆ ಅಂಟಿದ ಕಳೆಯಲ್ಲ, ಅದರ ಕಾಂಡವೇ ಅದು. ಕಂಬಕ್ಕೆ ಹೊಡೆದ ಮೊಳೆ ಕೀಳುವುದು ಬೇರೆ, ಬೀದಿಯಿಂದ ಮನುಷ್ಯರನ್ನು ಕೀಳುವುದು ಬೇರೆ. ಮೊದಲನೆಯದು ಗಣ್ಣಿನ ಮೇಲಿನ ಕತ್ತರಿ, ಎರಡನೆಯದು ಬುಡಕ್ಕೆ ಹಾಕಿದ ಹಾರೆ.

ಅದೇ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದಕ್ಕೆ ಹಿಂದಿನ ಕೆಲವು ವರ್ಷ ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ದಾರಿಯ ಬದಿಯ ಬೇವಿಗೂ ಹೊಂಗೆಗೂ ಕೆಂಪು ಎಲೆ ಬಂದಿತ್ತು. ಅದು ಗಿಡದ ಬಣ್ಣವಲ್ಲ, ಲಾರಿಗಳು ಎಬ್ಬಿಸಿದ ಅದಿರಿನ ಧೂಳು. ಧೂಳು ಕೂತ ಎಲೆಗೆ ಬೆಳಕು ಮುಟ್ಟುವುದಿಲ್ಲ, ಅದು ಆಹಾರ ತಯಾರಿಸಲಾರದು. ಹಂಪಿ ಬಜಾರಿನ ಡಬ್ಬಿಯ ಗಿಡವನ್ನು ಎತ್ತಿ ಬಿಸಾಡಲು ಬೆಳಗಾಗುವಷ್ಟರಲ್ಲಿ ಯಂತ್ರ ಬಂತು. ಸಂಡೂರಿನ ಗುಡ್ಡಗಳನ್ನು ಬುಡಸಮೇತ ಸಾಗಿಸುತ್ತಿದ್ದವರನ್ನು ನಿಲ್ಲಿಸಲು ವರ್ಷಗಳೇ ಬೇಕಾದವು. 2013ರಲ್ಲಿ ಷರತ್ತುಗಳ ಮೇಲೆ ಗಣಿಗಾರಿಕೆ ಮತ್ತೆ ಶುರುವಾಯಿತು. ಬಡವರ ಮೇಲೆ ಬೇಗ ಏಳುವ ಕತ್ತರಿ ಬಲಾಢ್ಯರ ಮುಂದೆ ತಡವರ್ಸುವುದು ನಮ್ಮ ನಾಡಿನ ಹಳೆಯ ಚಾಳಿ.

ಚರಿತ್ರೆಯನ್ನೂ ಹೀಗೆ ಸವರುವವರಿದ್ದಾರೆ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯ ಬಳಿ ಒಂದು ಹಳೆಯ ಮಸೀದಿ ಇದೆ. 1439ರಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ್ದು. ಅಲ್ಲಿಯ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ, ರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಹಂಪಿ ಬಜಾರಿನ ಜನಕ್ಕೆ ಜಾಗ ತೋರಿಸಿದ ಕಡ್ಡಿರಾಂಪುರದಲ್ಲೂ ಬಹಮನಿ ಶೈಲಿಯ ಎರಡು ಹಳೆಯ ಗೋರಿ ಕಟ್ಟಡಗಳಿವೆ. ವಿಜಯನಗರದ ಕಥೆಯನ್ನು ಎರಡು ಧರ್ಮಗಳ ಕಾಳಗವೆಂದು ಮಾತ್ರ ಹೇಳುವವರ ಕತ್ತರಿಗೆ ಮೊದಲು ಸಿಗುವುದು ಇಂಥ ಕೊಂಬೆಗಳೇ. 1565ರ ನಾಶವನ್ನು ಮರೆಮಾಚಬೇಕೆಂದು ನಾವು ಹೇಳುತ್ತಿಲ್ಲ, ಅದೂ ಚರಿತ್ರೆಯೇ. ಆದರೆ ರಾಯನ ಕಾವಲಿಗಿದ್ದ ಮುಸಲ್ಮಾನರನ್ನೂ ಅಹ್ಮದ್ ಖಾನನ ಕನ್ನಡ ಶಾಸನವನ್ನೂ ಕಡಿದುಹಾಕಿದ ಮೇಲೆ ಉಳಿಯುವುದು ಪೇಲವವಾದ ಒಂದೇ ಬಣ್ಣದ ಗಿಡ. ಪಟ್ಟೆಯ ಗಿಡದ ನಡುವೆ ಬಲವಾಗಿ ಬೆಳೆಯುವ ಅಚ್ಚ ಹಸಿರು ಕೊಂಬೆಯ ಮಾತನ್ನು ಹಿಂದೆ ಹೇಳಿದೆವು. ಇಲ್ಲಿ ಕತ್ತರಿ ಬೀಳಬೇಕಾದದ್ದು ಒಂದೇ ಬಣ್ಣ ಸಾಕೆನ್ನುವ ಆ ಹಟದ ಮೇಲೆ.

ಕೆಲವು ವರ್ಷಗಳ ನಂತರ ನಾವು ಮತ್ತೆ ಹಂಪಿ ಬಜಾರಿಗೆ ಹೋದೆವು. ಬೀದಿ ವಿಶಾಲವಾಗಿ ಕಂಡಿತು. ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಬಾಗಿಲುಗಳಿರಲಿಲ್ಲ, ಆದ್ದರಿಂದ ಬಾಗಿಲ ಮುಂದಿನ ಡಬ್ಬಿಗಳೂ ಇರಲಿಲ್ಲ. ಅಲ್ಲಿಂದ ಕಡ್ಡಿರಾಂಪುರಕ್ಕೆ ಹೋದೆವು. ಒಂದು ಮನೆಯ ಮುಂದೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊಳಕಾಲೆತ್ತರದ ಕ್ರೋಟನ್ ನಿಂತಿತ್ತು. ಕೇಳಿದಾಗ ಮನೆಯ ಹೆಂಗಸು, "ಅಲ್ಲಿದ್ದ ಗಿಡದ್ದೇ ರೀ ಅಣ್ಣಾ. ಅವತ್ತು ಸಾಮಾನು ಹೊರೋವಾಗ ಒಂದು ಕಡ್ಡಿ ಮುರಕೊಂಡು ಬಂದಿದ್ದೆ" ಎಂದರು. ಅದರ ತುದಿ ಚಿವುಟಿದ ಜಾಗದಲ್ಲಿ ಎರಡು ಕವಲು ಒಡೆದಿದ್ದವು. ಎಲೆಗಳು ಇನ್ನೂ ಎಳೆಯವು, ಹಸಿರಾಗಿಯೇ ಇದ್ದವು. ಬಿಸಿಲು ಬಿದ್ದು ಬಲಿತ ಮೇಲೆ ಕೆಂಪಾಗುತ್ತವೆ ಎಂದು ಅವರೇ ಹೇಳಿದರು.